ಆರ್ಕ್ಟಿಕ್ ಕರಾವಳಿಯ ಹಕ್ಕಿಗಳು: ಯಾವ ಊರಿಗೆ ಹೋಗಬೇಕು, ಯಾವ ತಿಂಗಳಲ್ಲಿ?

ಅಲಾಸ್ಕಾದ ನೋಮ್ ಊರಿನ ಬಗ್ಗೆ ಅಮೆರಿಕದವರು ಬರೆದ ಮಾರ್ಗದರ್ಶಿಗಳನ್ನು ತೆರೆದರೆ ಮೊದಲ ಸಾಲುಗಳಲ್ಲೇ ಬ್ಲೂಥ್ರೋಟ್ ಹೆಸರು ಬರುತ್ತದೆ. ಆ ಹಕ್ಕಿ ನೋಡಲೆಂದೇ ಅವರು ದುಡ್ಡು ಕೂಡಿಟ್ಟು ವಿಮಾನ ಹತ್ತುತ್ತಾರೆ. ಅದೇ ಹಕ್ಕಿ ಡಿಸೆಂಬರ್ ಬೆಳಿಗ್ಗೆ ನಮ್ಮ ಹೊಸಕೋಟೆ ಕೆರೆಯಂಚಿನ ಜೊಂಡಿನಲ್ಲಿ, ಹೆಸರಘಟ್ಟದ ತೇವದ ನೆಲದಲ್ಲಿ ಬಾಲ ಎತ್ತಿಕೊಂಡು ಓಡಾಡುತ್ತಿರುತ್ತದೆ. ಉತ್ತರದ ತುದಿಗೆ ಹಕ್ಕಿ ನೋಡಲು ಹೊರಡುವ ಕನ್ನಡಿಗರು ಮೊದಲು ಗಮನಿಸಬೇಕಾದ ಸಂಗತಿ ಇದು. ಆ ಮಾರ್ಗದರ್ಶಿಗಳು ಯಾವ ಹಕ್ಕಿಗೆ ನಕ್ಷತ್ರ ಚಿಹ್ನೆ ಹಾಕುತ್ತವೆ ಎಂಬುದು ಬರೆದವರ ಊರಲ್ಲಿ ಯಾವುದು ಅಪರೂಪ ಎಂಬುದರ ಮೇಲೆ ನಿಂತಿದೆ. ನಮ್ಮ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು.

ನನ್ನ ಪಟ್ಟಿಯಲ್ಲಿ ಎರಡು ಕಂಬಸಾಲುಗಳಿವೆ. ಒಂದರಲ್ಲಿ ಭಾರತದಲ್ಲಿ ಕುಳಿತರೆ ಎಂದೂ ಕಾಣಸಿಗದ ಹಕ್ಕಿಗಳು: ಐಡರ್ ಬಾತುಗಳು, ಪಫಿನ್, ಗಿಲ್ಲೆಮಾಟ್, ಲಿಟಲ್ ಆಕ್, ಐವರಿ ಗಲ್. ಇನ್ನೊಂದರಲ್ಲಿ ಚಳಿಗಾಲದಲ್ಲಿ ನಮ್ಮಲ್ಲಿಗೆ ಬರುವ, ಆದರೆ ಇಲ್ಲಿ ಮಾಸಲು ಬಣ್ಣದಲ್ಲಿ ಬಾಯಿ ಮುಚ್ಚಿಕೊಂಡಿರುವ ಹಕ್ಕಿಗಳು. ಮೈಸೂರು ಸುತ್ತಿನ ಕೆರೆಗಳಲ್ಲಿ ಕೆಸರು ಕೆದಕುವ ರಫ್, ಬೆಂಗಳೂರು ಕೆರೆಗಳ ಟೆಮಿಂಕ್ಸ್ ಸ್ಟಿಂಟ್, ಗದ್ದೆ ಬದುವಿನಲ್ಲಿ ಸಿಗುವ ವುಡ್ ಸ್ಯಾಂಡ್‌ಪೈಪರ್, ಮಲ್ಪೆಯಿಂದ ದೋಣಿಯಲ್ಲಿ ದೂರ ಹೋದರೆ ಅರಬ್ಬಿ ಸಮುದ್ರದ ಅಲೆಗಳ ಮೇಲೆ ಚುಕ್ಕಿಗಳಂತೆ ತೇಲುವ ಕೆಂಗೊರಳಿನ ಫಲರೋಪ್. ಇವು ಹಾಡುವುದು, ಕುಣಿಯುವುದು, ಜಗಳ ಕಾಯುವುದು, ಮೊಟ್ಟೆ ಇಡುವುದು ಎಲ್ಲವೂ ಅಲ್ಲಿ. ಈ ಎರಡನೇ ಕಂಬಸಾಲು ಯುರೋಪಿನ, ಅಮೆರಿಕದ ಬರಹಗಳಲ್ಲಿ ಕಾಣುವುದಿಲ್ಲ. ನನಗಂತೂ ಪ್ರಯಾಣದ ಅರ್ಧ ಸುಖ ಅದರಲ್ಲೇ ಇದೆ.

ಸಾಮಾನ್ಯ ಪ್ರವಾಸಿ ತಲುಪಬಹುದಾದ ಐದು ಜಾಗಗಳನ್ನು ಇಲ್ಲಿ ಹೋಲಿಸಿದ್ದೇನೆ: ನಾರ್ವೆಯ ವರಾಂಗೆರ್, ಅಲಾಸ್ಕಾದ ನೋಮ್ ಮತ್ತು ಉತ್ಕಿಯಾಗ್ವಿಕ್, ಕೆನಡಾದ ಚರ್ಚಿಲ್, ಮತ್ತು ನಾರ್ವೆಗೇ ಸೇರಿದ ದ್ವೀಪಸಮೂಹ ಸ್ವಾಲ್ಬಾರ್ಡ್. ಮೊದಲ ಪ್ರವಾಸಕ್ಕೆ ವರಾಂಗೆರ್ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಇಲ್ಲಿ ಹೆಚ್ಚು ಜಾಗ ಸಿಕ್ಕಿರುವುದೂ ಅದಕ್ಕೇ.

ವರಾಂಗೆರ್: ಕಾರಿನ ಕಿಟಕಿಯಿಂದಲೇ ಆರ್ಕ್ಟಿಕ್

ನಾರ್ವೆಯ ಈಶಾನ್ಯ ಮೂಲೆಯಲ್ಲಿ, 70 ಡಿಗ್ರಿ ಅಕ್ಷಾಂಶ ದಾಟಿ, ಬ್ಯಾರೆಂಟ್ಸ್ ಸಮುದ್ರಕ್ಕೆ ಚಾಚಿಕೊಂಡಿರುವ ಪರ್ಯಾಯ ದ್ವೀಪ ಇದು. ಓಸ್ಲೋದಿಂದ ಕಿರ್ಕೆನೆಸ್‌ಗೆ ನೇರ ವಿಮಾನವಿದೆ. ಅಲ್ಲಿ ಕಾರು ಬಾಡಿಗೆಗೆ ಹಿಡಿದರೆ ಮುಂದಿನದೆಲ್ಲ ನಿಮ್ಮ ಕೈಯಲ್ಲೇ. ವರಾಂಗೆರ್‌ಬೋಟ್ನ್‌ನಿಂದ ನೆಸ್ಸೆಬಿ, ವಾಡ್ಸೋ, ಎಕ್ಕೆರೋಯ್ ದಾಟಿ ವಾರ್ಡೋವರೆಗೆ ಡಾಂಬರು ರಸ್ತೆ ಕಡಲನ್ನು ಬಲಕ್ಕಿಟ್ಟುಕೊಂಡೇ ಸಾಗುತ್ತದೆ. ವಾರ್ಡೋ ಇರುವುದು ದ್ವೀಪದ ಮೇಲೆ. ಸಮುದ್ರದಡಿಯ ಸುರಂಗದಲ್ಲಿ ಊರೊಳಕ್ಕೆ ಹೋಗಬೇಕು. ಅಲ್ಲಿಗೆ ಹೋಗುವ ಮುಂಚೆ ತೀರದ ಎಡಬಲದಲ್ಲಿ ಎಲ್ಲಿ ಕಾರು ನಿಲ್ಲಿಸಿದರೂ ಏನಾದರೊಂದು ಹಕ್ಕಿ ಇದ್ದೇ ಇರುತ್ತದೆ.

ಹೋಲಿಕೆಯಲ್ಲಿ ವರಾಂಗೆರ್ ಗೆಲ್ಲುವುದು ಇಲ್ಲಿಯೇ. ಉಳಿದ ನಾಲ್ಕೂ ಊರುಗಳಿಗೆ ಹೊರಗಿನಿಂದ ರಸ್ತೆ ಇಲ್ಲ. ವಿಮಾನ, ರೈಲು ಅಥವಾ ಹಡಗು ಹಿಡಿಯಬೇಕು. ಹವಾಮಾನ ಕೆಟ್ಟರೆ ಕುಳಿತು ಕಾಯಬೇಕು. ವರಾಂಗೆರ್‌ನಲ್ಲಿ ಒಂದು ಕಡೆ ಮಂಜು ಕವಿದರೆ ಫ್ಯೋರ್ಡಿನ, ಅಂದರೆ ನೆಲದೊಳಕ್ಕೆ ಚಾಚಿದ ಕಡಲತೋಳಿನ, ಇನ್ನೊಂದು ಬದಿಗೆ ಕಾರು ಓಡಿಸಬಹುದು. ಮಂಡಿನೋವಿರುವ ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ಯುವವರಿಗೆ ಇದಕ್ಕಿಂತ ಅನುಕೂಲದ ಆರ್ಕ್ಟಿಕ್ ಬೇರೆ ಇಲ್ಲ. ಹಲವು ಕಡೆ ಗಾಳಿಗೆ ಮರೆಯಾಗಿ ಕುಳಿತು ನೋಡಲು ಮರದ ಗೂಡಂಗಡಿಯಷ್ಟು ಗಾತ್ರದ ಚೊಕ್ಕ ತಂಗುಮನೆಗಳಿವೆ. ವಾರ್ಡೋದಲ್ಲೇ ಕಚೇರಿ ಇಟ್ಟುಕೊಂಡು ಬಿಯೋಟೋಪ್ ಎಂಬ ವಾಸ್ತುಶಿಲ್ಪಿಗಳ ತಂಡ ಹಕ್ಕಿ ನೋಡುವವರಿಗೆಂದೇ ವಿನ್ಯಾಸ ಮಾಡಿದವು ಅವು. ಬ್ಯಾರೆಂಟ್ಸ್ ಗಾಳಿಯಲ್ಲಿ ಟ್ರೈಪಾಡ್ ಹಿಡಿದು ನಿಂತವರಿಗೆ ಅವುಗಳ ಬೆಲೆ ಗೊತ್ತಾಗುತ್ತದೆ.

ವಾರ್ಡೋ ಬಂದರಿನಿಂದ ಹತ್ತು ನಿಮಿಷದ ದೋಣಿ ದೂರದಲ್ಲಿ ಹೋರ್ನೋಯಾ ದ್ವೀಪ. ಗಿಲ್ಲೆಮಾಟ್, ಬ್ರೂನಿಕ್ಸ್ ಗಿಲ್ಲೆಮಾಟ್, ರೇಜರ್‌ಬಿಲ್, ಪಫಿನ್, ಕಿಟ್ಟಿವೇಕ್, ಶ್ಯಾಗ್ ಎಲ್ಲವೂ ಒಂದೇ ಬಂಡೆಗೋಡೆಯಲ್ಲಿ ಸಂಸಾರ ಹೂಡುತ್ತವೆ. ದೋಣಿಯಿಂದ ಇಳಿದ ಕೂಡಲೇ ಗೋಡೆಯ ಬುಡದಲ್ಲೇ ಕಾಲುದಾರಿ ಶುರು. ಸದ್ದು ಎಷ್ಟಿರುತ್ತದೆಂದರೆ ಪಕ್ಕದವರ ಜೊತೆ ಕೂಗಿಯೇ ಮಾತಾಡಬೇಕು. ಮೀನು ಮತ್ತು ಹಿಕ್ಕೆಯ ಘಾಟು ಬಟ್ಟೆಯಲ್ಲಿ ಎರಡು ದಿನ ಉಳಿಯುತ್ತದೆ. ದಾರಿಯಂಚಿನ ಕಲ್ಲಿನ ಸಂದಿಯಲ್ಲಿ ಶ್ಯಾಗ್ ಕಾವಿಗೆ ಕುಳಿತಿರುತ್ತದೆ. ನಮ್ಮ ನೀರುಕಾಗೆಯ ಸಂಬಂಧಿ. ದೂರದಿಂದ ಬರೀ ಕಪ್ಪು. ಕೈ ಚಾಚಿದರೆ ಎಟುಕುವಷ್ಟು ಹತ್ತಿರದಲ್ಲಿ ನೋಡಿದಾಗ ಬೆನ್ನಿನ ಒಂದೊಂದು ಗರಿಗೂ ಹಸಿರು ಹೊಳಪು, ಕಪ್ಪು ಅಂಚು, ಹಣೆಯ ಮೇಲೆ ಮುಂದಕ್ಕೆ ಬಾಗಿದ ಜುಟ್ಟು, ಕೊಕ್ಕಿನ ಬುಡದಲ್ಲಿ ಹಳದಿ, ಪಚ್ಚೆಯ ಬಣ್ಣದ ಕಣ್ಣು. ಹತ್ತಿರ ಹೋದವರತ್ತ ಅದು ಕತ್ತು ಅಲುಗಿಸಿ ಗೊರಗೊರ ಸದ್ದು ಮಾಡುತ್ತದೆ, ಗೂಡು ಬಿಟ್ಟು ಏಳುವುದಿಲ್ಲ. ಅಲ್ಲಿಗೆ ನಿಲ್ಲಿ. ಇನ್ನೊಂದು ಹೆಜ್ಜೆ ಮುಂದಿಟ್ಟು ಅದು ಎದ್ದರೆ ಮೊಟ್ಟೆ ದೊಡ್ಡ ಕಡಲಹಕ್ಕಿಗಳ ಪಾಲಾಗುತ್ತದೆ.

ಹೋರ್ನೋಯಾದಲ್ಲಿ ಸ್ಕೋಪ್ (ಟ್ರೈಪಾಡಿನ ಮೇಲಿಡುವ ದೂರದರ್ಶಕ) ಬೇಡ, ದೊಡ್ಡ ಲೆನ್ಸೂ ಬೇಡ. ಬ್ರೂನಿಕ್ಸ್ ಗಿಲ್ಲೆಮಾಟನ್ನು ಮಾಮೂಲಿ ಗಿಲ್ಲೆಮಾಟ್‌ಗಳ ಸಾಲಿನಲ್ಲಿ ಹುಡುಕುವುದಕ್ಕೆ ಮಾತ್ರ ತಾಳ್ಮೆ ಬೇಕು: ಕೊಕ್ಕು ಗಿಡ್ಡ ಮತ್ತು ದಪ್ಪ, ಮೇಲ್ಕೊಕ್ಕಿನ ಬುಡದಲ್ಲಿ ತೆಳುವಾದ ಬಿಳಿ ಗೆರೆ.

ಮಾರ್ಚಿಗೋ, ಜೂನಿಗೋ?

ವರಾಂಗೆರ್ ಆಯ್ದುಕೊಂಡ ಮೇಲೂ ಆಯ್ಕೆ ಮುಗಿಯುವುದಿಲ್ಲ. ತಿಂಗಳು ಬದಲಾದರೆ ಇದು ಬೇರೆಯೇ ಜಾಗ. ಸ್ಟೆಲ್ಲರ್ಸ್ ಐಡರ್ ಇಲ್ಲಿ ಚಳಿಗಾಲದ ಅತಿಥಿ. ಸೈಬೀರಿಯಾದಲ್ಲಿ ಮರಿ ಮಾಡಿ ಇಲ್ಲಿನ ಹೆಪ್ಪುಗಟ್ಟದ ಫ್ಯೋರ್ಡಿಗೆ ಬಂದು, ಏಪ್ರಿಲ್ ಕಳೆಯುತ್ತಿದ್ದಂತೆ ಹೊರಟುಬಿಡುತ್ತದೆ. ಗಂಡಿನ ತಲೆ ಬೆಳ್ಳಗೆ, ಹಿಂದಲೆಯಲ್ಲಿ ಹಸಿರು ಮಚ್ಚೆ, ಹೊಟ್ಟೆಗೆ ಕಿತ್ತಳೆಕಂದು. ಕಿಂಗ್ ಐಡರ್ ಕೂಡ ಆಗಲೇ ಹೆಚ್ಚು. ಬೂದುನೀಲಿ ತಲೆ, ತಿಳಿಹಸಿರು ಕೆನ್ನೆ, ಹಣೆಯ ಮೇಲೆ ಕಿತ್ತಳೆ ಗುಬುಟು. ಬೋಟ್ಸ್‌ಫ್ಯೋರ್ಡ್ ಬಂದರಿನಲ್ಲಿ ನೀರಿನ ಮಟ್ಟದಲ್ಲೇ ತೇಲುವ ಮರೆಮನೆಯಲ್ಲಿ ಕುಳಿತು ಇವುಗಳ ಫೋಟೋ ತೆಗೆಯಲು ಲೋಕದ ಎಲ್ಲ ಕಡೆಯಿಂದ ಜನ ಬರುವುದು ಮಾರ್ಚ್, ಏಪ್ರಿಲ್‌ನಲ್ಲಿ. ಹೋರ್ನೋಯಾದ ಹಕ್ಕಿಗಳೂ ಅಷ್ಟರಲ್ಲಿ ಬಂಡೆಗೆ ಮರಳುತ್ತಿರುತ್ತವೆ. ಆದರೆ ಟುಂಡ್ರಾ ಇನ್ನೂ ಹಿಮದಡಿ. ಹಮ್ನಿಂಗ್‌ಬರ್ಗ್ ಕಡೆಯ ರಸ್ತೆ ಮುಚ್ಚಿರುತ್ತದೆ, ಹಿಮದ ಮೇಲೆ ಕಾರು ಓಡಿಸುವ ಅಭ್ಯಾಸ ನಮಗಿಲ್ಲ. ನಮ್ಮ ಕೆರೆಗಳ ಅತಿಥಿಗಳು ಆಗ ಒಂದೂ ಇರುವುದಿಲ್ಲ.

ಮೇ ಕೊನೆಯಿಂದ ಜೂನ್ ನಡುವಿನವರೆಗೆ ಹೋದರೆ ಸ್ಟೆಲ್ಲರ್ಸ್ ಐಡರ್ ಬಹುತೇಕ ತಪ್ಪಿಹೋಗುತ್ತದೆ. ಬದಲಿಗೆ ಸೂರ್ಯ ಮುಳುಗದ ರಾತ್ರಿಗಳು ಸಿಗುತ್ತವೆ, ಟುಂಡ್ರಾ ಪೂರ್ತಿ ಎದ್ದು ಕೂತಿರುತ್ತದೆ. ವಾಡ್ಸೋ ಊರಿಗೆ ಸೇತುವೆಯಿಂದ ಸೇರಿಕೊಂಡ ಪುಟ್ಟ ದ್ವೀಪದಲ್ಲಿ ಒಂದು ಕೊಳವಿದೆ. ಜೂನಿನಲ್ಲಿ ಅದರ ದಂಡೆಯಲ್ಲಿ ಕದಲದೆ ಕುಳಿತರೆ ಕೆಂಗೊರಳಿನ ಫಲರೋಪ್‌ಗಳು ಬೂಟಿನ ತುದಿಯವರೆಗೆ ಈಜಿ ಬರುತ್ತವೆ. ಕಡೆಗೋಲಿನ ಹಾಗೆ ನಿಂತಲ್ಲೇ ಗಿರಗಿರ ತಿರುಗಿ, ನೀರಡಿಯ ಹುಳಹುಪ್ಪಟೆಯನ್ನು ಮೇಲೆಬ್ಬಿಸಿ, ಸೂಜಿಯಂಥ ಕೊಕ್ಕಿನಿಂದ ಒಂದೊಂದನ್ನೇ ಹೆಕ್ಕುತ್ತವೆ. ಕೊರಳ ಕೆಂಪು ಗಾಢವಾಗಿರುವುದು ಹೆಣ್ಣಿಗೆ. ಗಂಡಿಗಾಗಿ ಹೆಣ್ಣುಗಳೇ ಒಂದರ ಮೇಲೊಂದು ಎರಗುತ್ತವೆ. ಮೊಟ್ಟೆ ಇಟ್ಟಾದ ಮೇಲೆ ಹೆಣ್ಣು ಹೊರಟುಹೋಗುತ್ತದೆ. ಕಾವು ಕೊಡುವುದು, ಮರಿ ಬೆಳೆಸುವುದು ಮಾಸಲು ಬಣ್ಣದ ಗಂಡು. ಸ್ಕ್ಯಾಂಡಿನೇವಿಯಾದ ಈ ಹಕ್ಕಿಗಳು ಚಳಿಗಾಲ ಕಳೆಯುವುದು ಅರಬ್ಬಿ ಸಮುದ್ರದಲ್ಲಿ. ನಮ್ಮ ಕರಾವಳಿಯ ಮೀನುಗಾರರ ಬಲೆಯಾಚೆ ಬೂದುಬಿಳಿಯಾಗಿ ತೇಲುವ ಹಕ್ಕಿಗೆ ಇಂಥ ಬಾಳೊಂದಿದೆ ಎಂದು ಆ ಕೊಳದ ದಂಡೆಯಲ್ಲಿ ಕಣ್ಣಾರೆ ಕಂಡಾಗಲೇ ಮನಸ್ಸಿಗೆ ಇಳಿಯುವುದು.

ಆ ದ್ವೀಪದಲ್ಲೇ ಒಂದು ಕಬ್ಬಿಣದ ಕಂಬವೂ ನಿಂತಿದೆ. 1926ರಲ್ಲಿ ಧ್ರುವಯಾತ್ರಿ ಅಮುಂಡ್ಸೆನ್ ಪ್ರಯಾಣಿಸಿದ ನೋರ್ಗೆ ವಾಯುನೌಕೆಯನ್ನು ಕಟ್ಟಿದ್ದು ಅದಕ್ಕೆ. ಅಲ್ಲಿಂದ ಅದು ಸ್ವಾಲ್ಬಾರ್ಡಿಗೆ ಹಾರಿ, ಉತ್ತರಧ್ರುವ ದಾಟಿ, ಅಲಾಸ್ಕಾದ ಟೆಲ್ಲರ್‌ನಲ್ಲಿ ಇಳಿಯಿತು. ಈ ಬರಹದ ಐದು ಜಾಗಗಳಲ್ಲಿ ಮೂರರ ಸುತ್ತಮುತ್ತ ಆ ದಾರಿ ಹಾದುಹೋಗುತ್ತದೆ. ಟೆಲ್ಲರ್ ಇರುವುದು ನೋಮ್‌ನಿಂದ ಹೊರಡುವ ಒಂದು ರಸ್ತೆಯ ಕೊನೆಯಲ್ಲಿ.

ಒದ್ದೆ ಹುಲ್ಲುಗಾವಲಿನಲ್ಲಿ ರಫ್‌ಗಳ ಕುಣಿತ ಇನ್ನೊಂದು ಕಾರಣ. ನಮ್ಮಲ್ಲಿ ಕಂದುಬಣ್ಣದ ಸಾಧಾರಣ ಹಕ್ಕಿಯಾಗಿರುವ ಗಂಡು, ಅಲ್ಲಿ ಕೊರಳ ಸುತ್ತ ಗರಿಗಳ ದೊಡ್ಡ ಕಾಲರ್ ಕಟ್ಟಿಕೊಂಡಿರುತ್ತದೆ. ಒಂದಕ್ಕೆ ಕಪ್ಪು, ಇನ್ನೊಂದಕ್ಕೆ ಇಟ್ಟಿಗೆಕೆಂಪು, ಮತ್ತೊಂದಕ್ಕೆ ಬಿಳಿ. ಒಟ್ಟಾಗಿ ಒಂದೇ ದಿಬ್ಬಕ್ಕೆ ಬಂದು ಹಾರಿ, ಬಾಗಿ, ನೆಲಕ್ಕೆ ಒರಗಿ, ಹೆಣ್ಣಿಗಾಗಿ ಕಾದು ನಿಲ್ಲುತ್ತವೆ. ಪೂರ್ತಿ ಆಟ ಮೌನದಲ್ಲಿ. ಬ್ಲೂಥ್ರೋಟ್‌ನದು ಇದಕ್ಕೆ ತದ್ವಿರುದ್ಧ: ನಮ್ಮ ಜೊಂಡಿನಲ್ಲಿ ಚಕ್ ಎಂಬ ಒಂದು ಸ್ವರ ಬಿಟ್ಟು ಬೇರೇನೂ ಹೇಳದ ಹಕ್ಕಿ, ಅಲ್ಲಿ ಕುರುಚಲು ಬರ್ಚ್ ಗಿಡದ ತುದಿಯಲ್ಲಿ ಕುಳಿತು ಊರಿನ ಅಷ್ಟೂ ಹಕ್ಕಿಗಳ ದನಿಯನ್ನು ಕದ್ದು ಹಾಡುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬೆಳಕೂ ಮೃದು, ಹಾಡೂ ಜೋರು. ಮಧ್ಯಾಹ್ನ ನಿದ್ದೆ ಮಾಡಿ.

ನನ್ನನ್ನು ಕೇಳಿದರೆ, ಒಂದೇ ಸಲ ಹೋಗುವವರಿಗೆ ಜೂನ್ ಮೊದಲ ವಾರ. ಕ್ಯಾಮೆರಾವೇ ಮುಖ್ಯ ಅನ್ನುವವರಿಗೆ ಮಾರ್ಚ್ ಕೊನೆ.

ಉತ್ಕಿಯಾಗ್ವಿಕ್: ನಾಲ್ಕು ಐಡರ್‌ಗಳ ಆಸೆಗೆ

2016ರವರೆಗೆ ಬ್ಯಾರೋ ಎಂದು ಕರೆಯಲಾಗುತ್ತಿದ್ದ ಈ ಊರು 71 ಡಿಗ್ರಿ ಉತ್ತರದಲ್ಲಿದೆ. ಅಮೆರಿಕದ ನೆಲದ ಉತ್ತರ ತುದಿ. ಜಗತ್ತಿನಲ್ಲಿರುವುದು ನಾಲ್ಕೇ ಜಾತಿಯ ಐಡರ್. ಜೂನ್ ಮೊದಲರ್ಧದಲ್ಲಿ ಆ ನಾಲ್ಕನ್ನೂ ಸಂತಾನಕಾಲದ ಬಣ್ಣದಲ್ಲಿ ನೋಡುವ ಅವಕಾಶ ಇಲ್ಲಿದೆ. ಮುಖ್ಯವಾಗಿ ಸ್ಪೆಕ್ಟಕಲ್ಡ್ ಐಡರ್. ಹಸಿರು ತಲೆಯ ಮೇಲೆ ಕಪ್ಪು ಅಂಚಿನ ದೊಡ್ಡ ಬಿಳಿ ಕನ್ನಡಕ ಏರಿಸಿದಂಥ ಮುಖ. ಈ ಹಕ್ಕಿ ಚಳಿಗಾಲವನ್ನು ಎಲ್ಲಿ ಕಳೆಯುತ್ತದೆ ಎಂಬುದೇ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 1995ರಲ್ಲಿ ಉಪಗ್ರಹ ಟ್ರಾನ್ಸ್‌ಮಿಟರಿನ ಜಾಡು ಹಿಡಿದು ಹೋದಾಗ, ಬೇರಿಂಗ್ ಸಮುದ್ರದ ಹಿಮಹಾಸಿನ ನಡುವಿನ ನೀರಿನ ಕಂಡಿಗಳಲ್ಲಿ ಅವು ಒತ್ತೊತ್ತಾಗಿ ಗುಂಪುಗೂಡಿರುವುದು ಕಂಡಿತು.

ಇಲ್ಲಿನ ತೊಡಕು ಲೆಮ್ಮಿಂಗ್. ಇಲಿಯಂಥ ಈ ಪ್ರಾಣಿಯ ಸಂಖ್ಯೆ ಕೆಲವು ವರ್ಷ ಉಕ್ಕುತ್ತದೆ, ಕೆಲವು ವರ್ಷ ಕುಸಿಯುತ್ತದೆ. ಉಕ್ಕಿದ ವರ್ಷ ಹಿಮಗೂಬೆಗಳೂ ಪೊಮರೈನ್ ಸ್ಕುವಾ ಎಂಬ ಕಡಲಹಕ್ಕಿಗಳೂ ಬಂದು ಗೂಡು ಮಾಡುತ್ತವೆ. ಸ್ಟೆಲ್ಲರ್ಸ್ ಐಡರ್ ಕೂಡ ಇಲ್ಲಿ ಹೆಚ್ಚಾಗಿ ಗೂಡು ಕಟ್ಟುವುದು ಅಂಥ ವರ್ಷಗಳಲ್ಲೇ. ನರಿಗಳು ಲೆಮ್ಮಿಂಗ್ ತಿಂದು ತೃಪ್ತವಾಗಿರುತ್ತವೆ, ಗೂಬೆ ಮತ್ತು ಸ್ಕುವಾಗಳು ತಮ್ಮ ಗೂಡಿನ ಸುತ್ತ ನರಿಯನ್ನು ಬಿಟ್ಟುಕೊಳ್ಳುವುದಿಲ್ಲ. ಆ ರಕ್ಷಣೆಯಲ್ಲಿ ಐಡರ್ ಮೊಟ್ಟೆ ಉಳಿಯುತ್ತದೆ. ನೀವು ಟಿಕೆಟ್ ಕಾಯ್ದಿರಿಸುವ ಹೊತ್ತಿಗೆ ಆ ವರ್ಷ ಹೇಗಿರುತ್ತದೆ ಎಂದು ಯಾರೂ ಹೇಳಲಾರರು. ಹಿಮಗೂಬೆಗಾಗಿಯೇ ಹೋಗುವವರು ಇದನ್ನು ಒಪ್ಪಿಕೊಂಡೇ ಹೋಗಬೇಕು.

ಗೂಬೆ ಕೈಕೊಟ್ಟರೂ ಪೆಕ್ಟೋರಲ್ ಸ್ಯಾಂಡ್‌ಪೈಪರ್ ಕೈಕೊಡುವುದಿಲ್ಲ. ಗಂಡು ಎದೆಯ ಚೀಲಕ್ಕೆ ಗಾಳಿ ತುಂಬಿಕೊಂಡು, ನೆಲಕ್ಕೆ ತಾಗಿದಂತೆ ಹಾರುತ್ತ ಹೂಂ ಹೂಂ ಎಂದು ಗುಮ್ಮೆನ್ನುತ್ತದೆ. ಇದೇ ಊರಿನ ಬಯಲಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಕಡಿಮೆ ನಿದ್ದೆ ಮಾಡಿದ ಗಂಡುಗಳೇ ಹೆಚ್ಚು ಮರಿಗಳ ತಂದೆಯಾಗಿದ್ದವು ಎಂದು ತಿಳಿಯಿತು. ಹಗಲು ಮುಗಿಯದ ನಾಡಿನಲ್ಲಿ ಮಲಗಿದವನಿಗೆ ನಷ್ಟ.

ರಸ್ತೆಗಳು ಕೆಲವೇ ಕಿಲೋಮೀಟರ್ ಉದ್ದ, ವಸತಿ ದುಬಾರಿ, ದಿನಸಿ ವಿಮಾನದಲ್ಲೋ ಬೇಸಿಗೆಯ ದೋಣಿಯಲ್ಲೋ ಬರಬೇಕಾದ್ದರಿಂದ ಊಟವೂ ದುಬಾರಿ. ಸಸ್ಯಾಹಾರಿಗಳು ಅವಲಕ್ಕಿ, ಉಪ್ಪಿಟ್ಟಿನ ಮಿಶ್ರಣ ಕಟ್ಟಿಕೊಂಡು ಹೋಗುವುದು ಮೇಲು. ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇರಬೇಕಾಗಿಲ್ಲ. ಇನ್ನೊಂದು ಮಾತು: ಇದು ಇನ್ಯುಪಿಯಾಕ್ ಜನರ ನೆಲ. ತಿಮಿಂಗಿಲ, ಐಡರ್ ಬೇಟೆ ಅವರ ಅನ್ನ ಮತ್ತು ಪರಂಪರೆ. ನಮ್ಮ ಸ್ಕೋಪಿನ ಮುಂದೆಯೇ ಕಿಂಗ್ ಐಡರ್ ಗುಂಡಿಗೆ ಬಿದ್ದರೂ ಮುಖ ಸಿಂಡರಿಸದಿರುವುದು, ಕೇಳದೆ ಫೋಟೋ ತೆಗೆಯದಿರುವುದು ಅತಿಥಿಯ ಮರ್ಯಾದೆ.

ವರಾಂಗೆರ್‌ಗೆ ಹೋಗಿ ಬಂದವರಿಗೆ ಇಲ್ಲಿ ಹೊಸದಾಗಿ ಸಿಗುವುದು ಸ್ಪೆಕ್ಟಕಲ್ಡ್ ಐಡರ್ ಮತ್ತು ಅಮೆರಿಕದ ಕೆಲವು ಉಲ್ಲಂಕಿಗಳು (ಸ್ಯಾಂಡ್‌ಪೈಪರ್ ಬಗೆಯ ಹಕ್ಕಿಗಳು). ಆದ್ದರಿಂದ ಇದು ಎರಡನೇ ಪ್ರವಾಸದ ಊರು. ನೋಮ್ ಜೊತೆ ಜೋಡಿಸಿಕೊಂಡರೆ ಮಾತ್ರ ಖರ್ಚಿಗೆ ನ್ಯಾಯ.

ನೋಮ್: ಒಂದು ಕರ್ಲೂಗಾಗಿ ಗುಡ್ಡ ಹತ್ತುವುದು

ಸುಮಾರು 1900ರಲ್ಲಿ ಚಿನ್ನದ ಆಸೆಗೆ ಜನ ಮುಗಿಬಿದ್ದ ಊರು ನೋಮ್. ಊರಿನಿಂದ ಮೂರು ದಿಕ್ಕಿಗೆ ಜಲ್ಲಿ ರಸ್ತೆಗಳಿವೆ, ಒಂದೊಂದೂ ನೂರು ಕಿಲೋಮೀಟರ್ ದಾಟುತ್ತದೆ. ಯಾವುದೂ ಹೊರಲೋಕಕ್ಕೆ ಸೇರುವುದಿಲ್ಲ. ಅಲಾಸ್ಕಾದ ಟುಂಡ್ರಾವನ್ನು ಸ್ವಂತವಾಗಿ ಕಾರಿನಲ್ಲಿ ಸುತ್ತಲು ಇಷ್ಟು ಒಳ್ಳೆಯ ಊರು ಸಿಗುವುದು ಕಷ್ಟ. ಜಿರ್‌ಫಾಲ್ಕನ್, ಎರಡು ಬಗೆಯ ಟಾರ್ಮಿಗನ್, ಉದ್ದಬಾಲದ ಸ್ಕುವಾ, ಸೇಫ್ಟಿ ಸೌಂಡ್ ಅಳಿವೆಯಲ್ಲಿ ಅಲ್ಯೂಷಿಯನ್ ಟರ್ನ್, ದಾರಿಯಲ್ಲಿ ಕಸ್ತೂರಿ ಎತ್ತುಗಳ ಹಿಂಡು.

ಅಮೆರಿಕದವರ ಪಟ್ಟಿಯಿಂದ ಇಲ್ಲಿ ಬ್ಲೂಥ್ರೋಟ್, ಹಳದಿ ಸಿಪಿಲೆಗಳನ್ನು ತೆಗೆದುಬಿಡಿ. ಇವು ಏಷ್ಯಾದಿಂದ ಬೇರಿಂಗ್ ಜಲಸಂಧಿ ದಾಟಿ ಹೋದವು ಎಂಬುದಕ್ಕೇ ಅವರಿಗೆ ಅಷ್ಟು ಪ್ರಿಯ. ನಾರ್ದರ್ನ್ ವೀಟಿಯರ್ ಹಾಗಲ್ಲ, ಅದನ್ನು ಇಟ್ಟುಕೊಳ್ಳಿ: ಅಲಾಸ್ಕಾದಲ್ಲಿ ಹುಟ್ಟುವ, ಅಂಗೈಯಲ್ಲಿ ಹಿಡಿಸುವ ಆ ಹಕ್ಕಿ ಏಷ್ಯಾವನ್ನು ಅಡ್ಡ ಹಾದು ಪೂರ್ವ ಆಫ್ರಿಕಾಕ್ಕೆ ಹೋಗುತ್ತದೆ, ಒಂದು ದಿಕ್ಕಿಗೇ ಸುಮಾರು 14,500 ಕಿಲೋಮೀಟರ್.

ನೋಮ್‌ಗೆ ಹೋಗಲು ನಿಜವಾದ ಕಾರಣ ಬ್ರಿಸಲ್‌ಥೈಡ್ ಕರ್ಲೂ. ಪಶ್ಚಿಮ ಅಲಾಸ್ಕಾದ ಎರಡು ಗುಡ್ಡಗಾಡುಗಳಲ್ಲಿ ಬಿಟ್ಟರೆ ಈ ಹಕ್ಕಿ ಬೇರೆಲ್ಲೂ ಮರಿ ಮಾಡುವುದಿಲ್ಲ. ಅದರ ಗೂಡು ಮೊದಲ ಬಾರಿ ಪತ್ತೆಯಾದದ್ದು 1948ರಲ್ಲಿ. ಚಳಿಗಾಲಕ್ಕೆ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋಗುತ್ತದೆ. ಅಲ್ಲಿ ಗರಿ ಉದುರಿಸುವ ಕಾಲದಲ್ಲಿ ಎಷ್ಟೋ ಹಕ್ಕಿಗಳಿಗೆ ಕೆಲವು ವಾರ ಹಾರಲೂ ಆಗುವುದಿಲ್ಲ. ಕಡಲಹಕ್ಕಿಗಳ ಮೊಟ್ಟೆ ಒಡೆಯಲು ಕಲ್ಲಿನ ಚೂರು ಎತ್ತಿ ಎಸೆಯುವುದನ್ನೂ ಕಲಿತಿದೆ. ಕೌಗರಾಕ್ ರಸ್ತೆಯಲ್ಲಿ ಸುಮಾರು 72ನೇ ಮೈಲಿಯಲ್ಲಿ ಕಾರು ನಿಲ್ಲಿಸಿ ಗುಡ್ಡ ಹತ್ತಬೇಕು. ಹತ್ತುವುದು ಎಂದರೆ ಮೆಟ್ಟಿಲಿಲ್ಲ, ದಾರಿಯಿಲ್ಲ. ಮೊಣಕಾಲೆತ್ತರದ ಹುಲ್ಲಿನ ಗಂಟುಗಳು. ಮೇಲೆ ಕಾಲಿಟ್ಟರೆ ವಾಲುತ್ತವೆ, ನಡುವೆ ಇಟ್ಟರೆ ಹಿಮ ಕರಗಿದ ನೀರಿಗೆ ಕಾಲು ಇಳಿಯುತ್ತದೆ. ಮೇಲೆ ಹೋದರೂ ಮೊದಲು ಕಾಣುವುದು ನಮ್ಮ ಕರಾವಳಿಗೂ ಬರುವ ವಿಂಬ್ರೆಲ್. ಎರಡೂ ನೋಡಲು ಒಂದೇ. ಹಾರಿದಾಗ ಸೊಂಟದ ಮೇಲೆ ಮಸುಕು ಕಿತ್ತಳೆ ಬಣ್ಣ ಕಂಡರೆ, ಮನುಷ್ಯರು ಸಿಳ್ಳೆ ಹಾಕಿದಂಥ ಕೂಗು ಕೇಳಿದರೆ ಅದು ಬೇಕಾದ ಹಕ್ಕಿ.

ನಡೆಯುವ ಕಸುವಿದ್ದರೆ ಮಾತ್ರ ನೋಮ್. ಜೂನ್ ಮೊದಲ ಎರಡು ವಾರ ಸರಿಯಾದ ಕಾಲ. ಅದಕ್ಕೆ ಮುಂಚೆ ಹಿಮ ರಸ್ತೆ ಬಿಟ್ಟುಕೊಡದಿರಬಹುದು. ಬಾಡಿಗೆ ಕಾರುಗಳು ಬೆರಳೆಣಿಕೆಯಷ್ಟು. ವಿಮಾನದ ಟಿಕೆಟ್‌ಗಿಂತ ಮೊದಲು ಕಾರು ಕಾಯ್ದಿರಿಸಿ, ಊರು ಬಿಡುವ ಮುಂಚೆ ಟ್ಯಾಂಕ್ ತುಂಬಿಸಿ. ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಸಿಯಾಟಲ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿರುವ ಕನ್ನಡಿಗರಿಗೆ ಇದು ವೀಸಾದ ತಲೆನೋವಿಲ್ಲದ ದೇಶದೊಳಗಿನ ಪ್ರಯಾಣ. ಅಂಥವರಿಗೆ ಮೊದಲ ಆಯ್ಕೆಯಾಗಿ ನಾನು ವರಾಂಗೆರ್ ಬದಲು ನೋಮ್ ಹೇಳುತ್ತೇನೆ. ಬೆಂಗಳೂರಿನಿಂದ ಹೊರಡುವವರಿಗೆ ಹೇಳುವುದಿಲ್ಲ.

ಚರ್ಚಿಲ್: ಮರದ ಮೇಲೆ ಕೂರುವ ಗಾಡ್‌ವಿಟ್

ಹಡ್ಸನ್ ಕೊಲ್ಲಿಯ ದಂಡೆಯ ಚರ್ಚಿಲ್ ಅಕ್ಷಾಂಶದಲ್ಲಿ ತೀರ ದಕ್ಷಿಣಕ್ಕಿದೆ, 59 ಡಿಗ್ರಿಗೂ ಒಳಗೆ. ಆದರೂ ಕೊಲ್ಲಿಯ ಹಿಮ ಬೇಸಿಗೆಯವರೆಗೆ ಉಳಿದು ನೆಲವನ್ನು ತಣ್ಣಗಿಡುವುದರಿಂದ ಟುಂಡ್ರಾ ಇಲ್ಲಿಯವರೆಗೆ ಇಳಿದು ಬಂದಿದೆ. ಉತ್ತರದ ಸ್ಪ್ರೂಸ್ ಕಾಡು ಮತ್ತು ಟುಂಡ್ರಾ ಸೇರುವ ಗೆರೆ ಊರಿನ ಹತ್ತಿರವೇ. ಹಡ್ಸೋನಿಯನ್ ಗಾಡ್‌ವಿಟ್ ಎಂಬ ನೀಳಕಾಲಿನ ಕೆಸರುಹಕ್ಕಿ ಇಲ್ಲಿ ಸ್ಪ್ರೂಸ್ ಮರದ ತುದಿಯಲ್ಲಿ ನಿಂತು ಕೂಗುವುದನ್ನು ನೋಡಿದರೆ ಹೊಸ ನೋಟ. ಹ್ಯಾರಿಸ್ ಸ್ಪ್ಯಾರೋ ಮರಿ ಮಾಡುವುದು ಕೆನಡಾದಲ್ಲಿ ಮಾತ್ರ. ಅದರ ಗೂಡನ್ನು ವಿಜ್ಞಾನ ಮೊದಲು ಕಂಡದ್ದು 1931ರಲ್ಲಿ, ಚರ್ಚಿಲ್‌ನಲ್ಲೇ. ಸ್ಮಿತ್ಸ್ ಲಾಂಗ್‌ಸ್ಪರ್, ಪೆಸಿಫಿಕ್ ಲೂನ್, ಮರದಲ್ಲಿ ಗೂಡು ಕಟ್ಟುವ ಬೋನಪಾರ್ಟ್ಸ್ ಗಲ್ ಇವೂ ಸಿಗುತ್ತವೆ. 1980ರಲ್ಲಿ ರಾಸ್ ಗಲ್ ಇಲ್ಲಿ ಗೂಡು ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಹಳೆಯ ಮಾರ್ಗದರ್ಶಿಗಳು ಇನ್ನೂ ಅದನ್ನೇ ಹೇಳುತ್ತವೆ. ಅದನ್ನು ನಂಬಿ ಈಗ ಹೋಗಬೇಡಿ.

ವಿನ್ನಿಪೆಗ್‌ನಿಂದ ರೈಲಿನಲ್ಲಿ ಎರಡು ರಾತ್ರಿ, ಸುಮಾರು 1,700 ಕಿಲೋಮೀಟರ್. 2017ರ ನೆರೆಯಲ್ಲಿ ಹಳಿ ಕೊಚ್ಚಿಹೋಗಿ ಮತ್ತೆ ರೈಲು ಬರಲು 2018ರ ಕೊನೆಯವರೆಗೆ ಕಾಯಬೇಕಾಯಿತು. ವಿಮಾನವೂ ಇದೆ. ಟೊರೊಂಟೊ ಸುತ್ತಿನ ಕನ್ನಡಿಗರಿಗೆ ಚರ್ಚಿಲ್ ಸಹಜ ಆಯ್ಕೆ, ಮಕ್ಕಳಿರುವ ಮನೆಯವರಿಗೆ ಇನ್ನೂ ಹೆಚ್ಚು. ಹಕ್ಕಿಯ ಹುಚ್ಚಿಲ್ಲದವರಿಗೆ ಜುಲೈನಲ್ಲಿ ನದಿಯ ಬಾಯಲ್ಲಿ ಸೇರುವ ಬಿಳಿ ಬೆಲುಗಾ ತಿಮಿಂಗಿಲಗಳಿವೆ. ಹಕ್ಕಿಗೆ ಮಾತ್ರ ಜೂನ್ ನಡುವಿನ ದಿನಗಳೇ ಒಳ್ಳೆಯವು. ಜೂನ್ ಕೊನೆಗೆ ಸೊಳ್ಳೆಗಳು ಏಳುತ್ತವೆ. ತಲೆಗೆ ಬಲೆಯಿಲ್ಲದೆ ದುರ್ಬೀನು ಕಣ್ಣಿಗೆ ಹಿಡಿಯಲಾಗದು. ಹಿಮಕರಡಿ ಯಾವ ತಿಂಗಳಲ್ಲೂ ಎದುರಾಗಬಹುದು. ಕಡಲಂಚಿನ ಬಂಡೆಗಳ ನಡುವೆ ಒಬ್ಬರೇ ಅಲೆಯಬಾರದು, ಕಾರಿನಿಂದ ದೂರ ಹೋಗಬಾರದು. ವರಾಂಗೆರ್‌ನಲ್ಲಿ ನಡುರಾತ್ರಿ ಒಬ್ಬರೇ ಟುಂಡ್ರಾದಲ್ಲಿ ನಡೆದಾಡುವ ಸ್ವಾತಂತ್ರ್ಯ ಚರ್ಚಿಲ್‌ನಲ್ಲಿ ಇಲ್ಲ.

ಸ್ವಾಲ್ಬಾರ್ಡ್: ಹಕ್ಕಿಗಿಂತ ಹಿಮ ದೊಡ್ಡದು

78 ಡಿಗ್ರಿ ಉತ್ತರ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇಲ್ಲಿನ ನ್ಯೂ ಓಲೆಸುಂಡ್‌ನಲ್ಲಿದೆ. ಜಾತಿಗಳ ಲೆಕ್ಕ ಹಿಡಿದರೆ ಐದರಲ್ಲಿ ಅತಿ ಬಡವಾದ ಜಾಗ ಇದೇ. ಇಲ್ಲಿ ನಿಯಮಿತವಾಗಿ ಗೂಡು ಮಾಡುವ ಹಾಡುಹಕ್ಕಿ ಸ್ನೋ ಬಂಟಿಂಗ್ ಒಂದೇ. ಆದರೆ ಗುಡ್ಡದ ಕಲ್ಲುರಾಶಿಯಿಂದ ಲಿಟಲ್ ಆಕ್‌ಗಳು ಒಟ್ಟಿಗೆ ಎದ್ದು ನೆತ್ತಿಯ ಮೇಲೆ ಸುತ್ತುವುದು, ಆಲ್ಕೆಫ್ಯೆಲ್ಲೆಟ್ ಎಂಬ ಕಲ್ಲುಕಂಬಗಳ ಗೋಡೆಯಲ್ಲಿ ಬ್ರೂನಿಕ್ಸ್ ಗಿಲ್ಲೆಮಾಟ್‌ಗಳು ಮಹಡಿ ಮಹಡಿಯಾಗಿ ನಿಂತಿರುವುದು, ಹಿಮಗಡ್ಡೆಗಳ ನಡುವೆ ಅಚ್ಚಬಿಳಿ ಐವರಿ ಗಲ್ ಇಳಿಯುವುದು, ಇವು ಬೇರೆಲ್ಲೂ ಇಷ್ಟು ಸುಲಭವಲ್ಲ.

ಇವನ್ನೆಲ್ಲ ತೋರಿಸುತ್ತ ದ್ವೀಪ ಸುತ್ತುವ ಪ್ರವಾಸಿ ಹಡಗಿಗೆ ದುಡ್ಡಿಲ್ಲದವರು ಲಾಂಗ್‌ಇಯರ್‌ಬ್ಯೇನ್ ಊರಲ್ಲೇ ಉಳಿದು ಆಡ್ವೆಂಟ್ ಕಣಿವೆಯ ರಸ್ತೆಯಲ್ಲಿ ನೋಡಬಹುದು. ನಾಯಿಗಳ ಅಂಗಳದ ಪಕ್ಕದಲ್ಲೇ ಐಡರ್‌ಗಳು ಗುಂಪಾಗಿ ಗೂಡು ಕಟ್ಟುತ್ತವೆ, ನಾಯಿಗಳಿರುವೆಡೆ ನರಿ ಬರುವುದಿಲ್ಲ ಎಂಬ ಧೈರ್ಯ. ಊರಿನ ಗಡಿ ದಾಟಲು ಹಿಮಕರಡಿಯಿಂದ ರಕ್ಷಣೆಗೆ ಏರ್ಪಾಡು ಬೇಕು; ಪ್ರವಾಸಿಗೆ ಅದರ ಅರ್ಥ ಬಂದೂಕು ಹಿಡಿದ ಮಾರ್ಗದರ್ಶಿ. 2025ರಿಂದ ನಿಯಮಗಳೂ ಬಿಗಿಯಾಗಿವೆ: ಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚಿನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರ, ಸಂರಕ್ಷಿತ ಪ್ರದೇಶಗಳಲ್ಲಿ ಹಡಗಿಗೆ 200 ಪ್ರಯಾಣಿಕರ ಮಿತಿ, ಇಳಿಯಲು ಗೊತ್ತುಮಾಡಿದ ಜಾಗಗಳಷ್ಟೇ. ಹಳೆಯ ಪ್ರವಾಸಕಥನ ಓದಿ ಅದೇ ದಾರಿ ನಿರೀಕ್ಷಿಸಬೇಡಿ. ನಿಯಮ ಒಳ್ಳೆಯದಕ್ಕೇ ಬಂದಿದೆ.

ಇನ್ನೆರಡು ಹೆಸರು ಕೇಳಿಬರುತ್ತವೆ. ಪಫಿನ್ ಒಂದೇ ಸಾಕು ಅನ್ನುವವರು ಐಸ್‌ಲ್ಯಾಂಡಿಗೆ ಹೋಗಲಿ. ಬೋರ್ಗಾರ್‌ಫ್ಯೋರ್ಡುರ್ ಏಸ್ತ್ರಿ ಬಂದರಿನಲ್ಲಿ ಮರದ ಅಟ್ಟಣೆಯ ಮೇಲೆ ನಿಂತು ಪಕ್ಕದಲ್ಲೇ ನೋಡಬಹುದು. ಅಲಾಸ್ಕಾದ ಸೇಂಟ್ ಪಾಲ್ ದ್ವೀಪ ಕೆಂಗಾಲಿನ ಕಿಟ್ಟಿವೇಕ್ ಮತ್ತು ಆಕ್ಲೆಟ್‌ಗಳಿಗೆ ಅದ್ಭುತ, ಆದರೆ ಮಂಜಿಗೆ ವಿಮಾನ ರದ್ದಾಗುವುದು ಅಲ್ಲಿ ಮಾಮೂಲು. ಕೈಯಲ್ಲಿ ಹೆಚ್ಚುವರಿ ದಿನಗಳಿಲ್ಲದವರು ಹೋಗಬಾರದು.

ಎಲ್ಲಿಗೆ ಹೋದರೂ

ಖರ್ಚಿನಲ್ಲಿ ವರಾಂಗೆರ್ ಕೆಳಗೆ: ನಾಲ್ವರು ಸೇರಿ ಒಂದು ಕಾರು, ಅಡುಗೆಮನೆಯಿರುವ ಒಂದು ಮನೆ ಹಿಡಿದರೆ ತಲೆಗೆ ಬೀಳುವ ಹೊರೆ ಇಳಿಯುತ್ತದೆ. ಎಲ್ಲಕ್ಕಿಂತ ಮೇಲೆ ಸ್ವಾಲ್ಬಾರ್ಡ್ ಹಡಗು. ನಡುವಿನ ಮೂರರಲ್ಲಿ ನೀವು ಎಲ್ಲಿಂದ ಹೊರಡುತ್ತೀರಿ ಎಂಬುದೇ ಲೆಕ್ಕ ಬದಲಿಸುತ್ತದೆ. ಸ್ಕೋಪ್ ಒಯ್ಯುವ ಕಷ್ಟ ಸಾರ್ಥಕವಾಗುವುದು ಮಾರ್ಚಿನ ವರಾಂಗೆರ್ ಮತ್ತು ಉತ್ಕಿಯಾಗ್ವಿಕ್‌ನಲ್ಲಿ. ಹಡಗಿನ ಮೇಲೆ ಅದು ಉಪಯೋಗಕ್ಕಿಲ್ಲ, 8 ಪಟ್ಟಿನ ದುರ್ಬೀನು ಸಾಕು. ಜೂನ್ ಎಂದು ನಂಬಿ ಸ್ವೆಟರ್ ಒಂದನ್ನೇ ಹಾಕಿಕೊಂಡು ಹೋಗಬೇಡಿ. ಗಾಳಿ ತಡೆಯುವ ಮೇಲಂಗಿ, ಬೆರಳು ಆಡುವ ಕೈಗವಸು ಬೇಕೇ ಬೇಕು.

ಹಕ್ಕಿಜ್ವರದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಬೇಸಿಗೆಯಲ್ಲಿ ವಾಡ್ಸೋ ಊರಿನಲ್ಲೇ ಸಾವಿರಾರು ಕಿಟ್ಟಿವೇಕ್‌ಗಳು ಬೀದಿ, ದಂಡೆಗಳಲ್ಲಿ ಸತ್ತು ಬಿದ್ದವು. ಒಂದು ಗೂಡುಪಾಳ್ಯದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು, ಟ್ರೈಪಾಡಿನ ಕಾಲು ತೊಳೆದು ಸೋಂಕುನಿವಾರಕ ಹಚ್ಚಿ. ಸತ್ತ ಹಕ್ಕಿಯನ್ನು ಮುಟ್ಟಬೇಡಿ, ಸ್ಥಳೀಯ ಆಡಳಿತಕ್ಕೆ ತಿಳಿಸಿ. ಆರ್ಕ್ಟಿಕ್ ಟರ್ನ್ ನೆತ್ತಿಗೆ ಕುಕ್ಕಲು ಬಂದರೆ ಅದರ ಗೂಡು ಹತ್ತಿರವಿದೆ ಎಂದೇ ಅರ್ಥ. ಕಾಲಿಡುವ ಜಾಗ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿ. ಮೊಟ್ಟೆಗಳು ಬರಿನೆಲದಲ್ಲಿ ಕಲ್ಲಿನ ಬಣ್ಣದಲ್ಲೇ ಇರುತ್ತವೆ. ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು ಬೇಡ. ಅಲ್ಲಿ ಮರಿ ಬೆಳೆಸಲು ಅವಕ್ಕಿರುವುದೇ ಕೆಲವು ವಾರ.

ಕಾಗದಪತ್ರದಲ್ಲಿ ಒಂದು ಎಚ್ಚರಿಕೆ. ಕಾರು ಓಡಿಸುವವರು ಹೊರಡುವ ಮುಂಚೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ವರಾಂಗೆರ್ ಜೊತೆಗೆ ಸ್ವಾಲ್ಬಾರ್ಡನ್ನೂ ಸೇರಿಸುವ ಆಲೋಚನೆಯಿದ್ದರೆ ಷೆಂಗೆನ್ ವೀಸಾ ಅರ್ಜಿಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿಯ ಪ್ರವೇಶ ಕೇಳಿ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ ಷೆಂಗೆನ್ ವಲಯದ ಹೊರಗಿದೆ. ಅಲ್ಲಿಗೆ ಕಾಲಿಡಲು ವೀಸಾ ಕೇಳುವುದಿಲ್ಲ, ಆದರೆ ಅಲ್ಲಿಂದ ಓಸ್ಲೋಗೆ ವಾಪಸಾಗುವಾಗ ಅದು ಎರಡನೇ ಪ್ರವೇಶ ಎಂದೇ ಲೆಕ್ಕ. ಒಂದೇ ಪ್ರವೇಶದ ವೀಸಾ ಹಿಡಿದವರಿಗೆ ಮರಳುವ ದಾರಿ ಇರುವುದಿಲ್ಲ.